ಐದು ಬರಗಾಲಗಳು

ಪುಣೆ ಕ್ಯಾಂಪಿನ ಹಳೆಯ ಕಲ್ಲುಕಟ್ಟಡದಲ್ಲಿರುವ ಸಂಶೋಧನಾ ಕೇಂದ್ರವೊಂದರ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಚಿಕ್ಕ ಕೋಣೆಯಿದೆ. ಅಲ್ಲಿ ಕುಳಿತು ಸಿದ್ದಲಿಂಗಪ್ಪನವರು ಇಪ್ಪತ್ತೇಳು ವರ್ಷ ಕಲ್ಲಿನ ಪುಡಿಯನ್ನು ತೂಗಿದ್ದರು. ತೂಕ ಎಂದಿಗೂ ಒಂದೇ, ನೂರು ಮೈಕ್ರೋಗ್ರಾಂ. ಪುಡಿ ಉಪ್ಪಿನ ಒಂದೆರಡು ಕಣದಷ್ಟು. ಸೂಕ್ಷ್ಮ ತಕ್ಕಡಿಯ ಗಾಜಿನ ಬಾಗಿಲು ತೆರೆದಿರುವಾಗ ಉಸಿರು ಬಿಟ್ಟರೆ ಅಂಕಿ ಅಲುಗುತ್ತದೆ. ಹೊರಗೆ ಸೈನ್ಯದ ಲಾರಿ ಹಾದುಹೋದರೂ ಅಲುಗುತ್ತದೆ. ಆದ್ದರಿಂದ ಅವರು ಉಸಿರನ್ನು ಹಿಡಿದು, ಚಮಚವೆನ್ನಲಾಗದಷ್ಟು ಸಣ್ಣ ಉಕ್ಕಿನ ಕಡ್ಡಿಯ ತುದಿಯಿಂದ ಪುಡಿಯನ್ನು ತಕ್ಕಡಿಯ ಮೇಲಿನ ಪುಟ್ಟ ತಗಡಿನ ದೋಣಿಗೆ ಉದುರಿಸಿ, ಅಂಕಿ ನೂರಕ್ಕೆ ಬಂದು ನಿಂತ ಮೇಲೆ ಉಸಿರನ್ನು ಬಿಡುತ್ತಿದ್ದರು. ರಬ್ಬರಿನ ಕೈಗವಸು ತೊಟ್ಟರೆ ಅದರಲ್ಲಿ ಹುಟ್ಟುವ ವಿದ್ಯುತ್ತಿಗೆ ಪುಡಿ ಚಿಮ್ಮಿ ಹಾರುತ್ತದೆಂದು ಬರಿಗೈಯಲ್ಲಿಯೇ ತೂಗುವುದು ಅವರ ಪದ್ಧತಿ. ಕೇಂದ್ರದಲ್ಲಿ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ. ಅವರ ಕೈ ನಡುಗಿದ್ದನ್ನು ಕಂಡವರೇ ಇರಲಿಲ್ಲ.

ಬೀದರಿನ ಕಡೆಯ ಮಠವೊಂದರಲ್ಲಿ ಬಾಲ್ಯವನ್ನು ಕಳೆದವರು ಅವರು. ಅಲ್ಲಿ ಸಂಸ್ಕೃತವನ್ನೂ ಪಂಚಾಂಗ ಗಣಿತವನ್ನೂ ಕಲಿಯುತ್ತಿರುವಾಗಲೇ ತಂದೆತಾಯಿ ಕಲ್ಲುಕೆಲಸಕ್ಕೆಂದು ಪುಣೆಗೆ ಬಂದರು, ಮಗನೂ ಹಿಂದೆ ಬಂದ. ಕಲ್ಲು ಕೊಯ್ಯಲು ಬಲ್ಲವರು ಬೇಕೆಂದು ಈ ಕೇಂದ್ರ ಕರೆದಾಗ ಸೇರಿಕೊಂಡವರು, ಕೊಯ್ಯುವುದರಿಂದ ಕೊರೆಯುವುದಕ್ಕೆ, ಕೊರೆಯುವುದರಿಂದ ತೂಗುವುದಕ್ಕೆ ಏರಿದರು. ಓದು ಅರ್ಧಕ್ಕೆ ನಿಂತರೂ ಅದರ ಅಭ್ಯಾಸ ನಿಲ್ಲಲಿಲ್ಲ. ತೂಕದ ವಹಿಯ ಪ್ರತಿ ಪುಟದ ನೆತ್ತಿಯಲ್ಲಿ, ಹಿಂದಿನ ಕಾಲದ ಓಲೆಗರಿ ಬರೆಯುವವರಂತೆ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆದ ಮೇಲೆಯೇ ಮಾದರಿಯ ಸಂಖ್ಯೆಗಳನ್ನು ಬರೆಯುತ್ತಿದ್ದರು. ಗಣಕಯಂತ್ರಕ್ಕೆ ಸಂಖ್ಯೆಗಳು ಮಾತ್ರ ಹೋಗುತ್ತಿದ್ದವು. ತಿಥಿವಾರಗಳು ವಹಿಯಲ್ಲಿಯೇ ಉಳಿಯುತ್ತಿದ್ದವು.

ತೂಗಿದ ಪುಡಿ ಪಕ್ಕದ ಕೋಣೆಯ ಯಂತ್ರಕ್ಕೆ ಹೋಗುತ್ತಿತ್ತು. ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎಂದು ಹೆಸರು. ಒಂದೊಂದು ಗಾಜಿನ ಶೀಷೆಯಲ್ಲಿರುವ ಪುಡಿಯ ಮೇಲೆ ಬಿಸಿ ಫಾಸ್ಫಾರಿಕ್ ಆಮ್ಲದ ಹನಿ ಬಿದ್ದಾಗ ಕಲ್ಲು ಕರಗಿ ಇಂಗಾಲದ ಡೈಆಕ್ಸೈಡಾಗುತ್ತದೆ. ಆ ಅನಿಲ ನಿರ್ವಾತ ಕೊಳವೆಗಳ ಮೂಲಕ ಹರಿದು, ವಿದ್ಯುದಾವೇಶ ಪಡೆದು, ಆಯಸ್ಕಾಂತದ ಎದುರು ಬಾಗುತ್ತದೆ. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ. ಕೊನೆಯಲ್ಲಿ ಮೂರು ಬಟ್ಟಲುಗಳು ಮೂರು ತೂಕದ ಕಣಗಳನ್ನು ಬೇರೆಬೇರೆಯಾಗಿ ಹಿಡಿಯುತ್ತವೆ. ಆಮ್ಲಜನಕದಲ್ಲಿಯೂ ಇಂಗಾಲದಲ್ಲಿಯೂ ಭಾರದ ಪಾಲು ಎಷ್ಟು, ಹಗುರದ ಪಾಲು ಎಷ್ಟು ಎಂಬುದು ಆಗ ತಿಳಿಯುತ್ತದೆ. ಗುಹೆಯ ನೆಲದಿಂದ ಹನಿಹನಿಯಾಗಿ ಮೇಲಕ್ಕೆ ಬೆಳೆದ ಸುಣ್ಣದ ಕಂಬದಲ್ಲಿ ಒಳ್ಳೆಯ ಮಳೆಗಾಲದ ಪದರ ಹಗುರವಾಗಿಯೂ ಮಳೆಯಿಲ್ಲದ ವರ್ಷದ ಪದರ ಭಾರವಾಗಿಯೂ ಕಾಣುತ್ತದೆ. ಯಾರೂ ಬರೆದಿಡದ ಮಳೆಯ ಕಥೆಯನ್ನು ಕಲ್ಲಿನಿಂದ ಓದುವ ವಿದ್ಯೆ ಇದು. ಸಿದ್ದಲಿಂಗಪ್ಪನವರು ಇದನ್ನು ಉಪಾಸನೆಯೆಂದೇ ತಿಳಿದಿದ್ದರು.

ಆ ವರ್ಷ ಬಂದ ಕಲ್ಲು ಭವ್ಯಶ್ರೀಯದು. ಉಡುಪಿಯ ಕಡೆಯಿಂದ ಬಂದು ಕ್ಯಾಂಪಿನಲ್ಲಿ ಹೋಟೆಲು ನಡೆಸುತ್ತಿರುವ ಸಂಕಪ್ಪನವರ ಮಗಳು ಅವಳು, ಕೇಂದ್ರದಲ್ಲಿ ಸಂಶೋಧಕಿ. ಕೃಷ್ಣೆಯ ದಕ್ಷಿಣಕ್ಕಿರುವ ಗುಹೆಯೊಂದರಿಂದ ಅವಳು ತಂದ ಗೇಣುದ್ದದ ಕಂಬದಲ್ಲಿ ಮುನ್ನೂರು ವರ್ಷಗಳ ಪದರಗಳಿದ್ದವು. ಸಿದ್ದಲಿಂಗಪ್ಪನವರು ಅದನ್ನು ಕೊಯ್ದು, ತುದಿಯಿಂದ ಬುಡದವರೆಗೆ ಒಂಬೈನೂರು ಮಾದರಿಗಳನ್ನು ಕೊರೆದು, ಪ್ರತಿಯೊಂದರ ಪುಡಿಯನ್ನೂ ಬೇರೆಬೇರೆ ಕೊಳವೆಯಲ್ಲಿ ತುಂಬಿದರು. ಒಂದೊಂದು ಮಾದರಿಯೂ ನಾಲ್ಕು ತಿಂಗಳ ಮಳೆ. ದಿನಕ್ಕೆ ಮೂವತ್ತಾರರಂತೆ, ವಾರಕ್ಕೆ ಐದು ದಿನ, ಐದು ವಾರ ಅವರು ತೂಗಿದರು. ಹೋಲಿಕೆಗೆ ಬೇಕಾದ ಅಮೃತಶಿಲೆಯ ಪುಡಿಯ ಶೀಷೆಗಳನ್ನು ಆಷಾಢದಲ್ಲಿಯೇ ಒಟ್ಟಿಗೆ ತೂಗಿಟ್ಟಿದ್ದರು. ನಡುವೆ ಬಂದ ಹಬ್ಬದ ರಜೆಗಳನ್ನೂ ಹಿಡಿಯಲಿಲ್ಲ. ಮನೆಯಲ್ಲಿ ಕುಳಿತು ಮಾಡುವುದೇನೂ ಇರಲಿಲ್ಲ. ಹೆಂಡತಿ ಯಮನವ್ವ ಮಾಘದಲ್ಲಿ ತೀರಿಕೊಂಡಿದ್ದಳು. ದೇಹೂ ರೋಡಿನ ಒಂದು ಕೋಣೆಯ ಮನೆಯಲ್ಲಿ ಅವರೊಬ್ಬರೇ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಭವ್ಯಶ್ರೀ ನಕ್ಷೆಯನ್ನು ಕೈಯಲ್ಲಿ ಹಿಡಿದು ಓಡಿಬಂದಳು.

"ಕಾಕಾ, ಇದೆಂತದು ನೋಡಿ! ಐದು ಗುಡ್ಡ. ಯಾರೋ ಅಳೆದು ಇಟ್ಟ ಹಾಗೆ ಉಂಟು."

"ಗುಡ್ಡ ಅಂದ್ರ ಬರಾ, ಹೌದಲ್ರಿ?"

"ಹೌದು, ಭಾರದ ಕಡೆಗೆ ಏರಿದೆ. ಬರವೇ."

"ಎಷ್ಟು ವರ್ಷಕ್ಕೊಮ್ಮಿ ಬರ್ತದರೀ ಬಾಯಾರ?"

"ಅರವತ್ತು. ಹೆಚ್ಚು ಕಡಿಮೆ ಅರವತ್ತೇ."

"ಬಂದ್ರ ಎಷ್ಟು ವರ್ಷ ನಿಲ್ತದ?"

"ಹನ್ನೆರಡು. ಎಂತ ಕಾಕಾ, ನೀವು ಯಾಕೆ ಹಾಗೆ ನಗುವುದು?"

ಸಿದ್ದಲಿಂಗಪ್ಪನವರು ನಗುತ್ತಿರಲಿಲ್ಲ, ಅವರ ಕಣ್ಣು ತುಂಬಿತ್ತು. ಗುರುಗ್ರಹವು ಹನ್ನೆರಡು ರಾಶಿಗಳನ್ನು ಸುತ್ತಲು ಹನ್ನೆರಡು ವರ್ಷ. ಅಂಥ ಐದು ಸುತ್ತು ಸೇರಿ ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳು. ಅಷ್ಟರಲ್ಲಿ ಶನಿಯು ಎರಡು ಸುತ್ತು ಮುಗಿಸಿರುತ್ತಾನೆ. ಮಠದಲ್ಲಿ ಅಂಗೈಯ ಗೆರೆಗಳ ಮೇಲೆ ಎಣಿಸಿ ಕಲಿತ ಈ ಲೆಕ್ಕವನ್ನು ಅವರು ಅವಳಿಗೆ ಬಿಡಿಸಿ ಹೇಳಿದರು. ಹಿರಿಯರು ಆಕಾಶವನ್ನು ನೋಡಿ ಕಟ್ಟಿದ ಕಾಲಚಕ್ರ, ಆಕಾಶವನ್ನೇ ಕಾಣದ ಗುಹೆಯೊಳಗಿನ ಕಲ್ಲಿನಲ್ಲಿ ಮೂಡಿದೆ. ಆಗಮವೂ ಪ್ರತ್ಯಕ್ಷವೂ ಒಂದೇ ಮಾತನ್ನಾಡುವುದನ್ನು ಅವರು ಜೀವಮಾನದಲ್ಲಿ ಮೊದಲ ಬಾರಿ ಕಂಡಿದ್ದರು.

"ಮಾರಾಯ್ರೆ, ಇದನ್ನು ಪತ್ರಿಕೆಯವರಿಗೆ ಬರೆದ್ರೆ ನನ್ನನ್ನು ಜೋಯಿಸರ ಮಗಳು ಅಂತ ಓಡಿಸ್ತಾರೆ. ಮತ್ತೆ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರುವುದೇ ಗತಿ," ಎಂದು ಭವ್ಯಶ್ರೀ ನಕ್ಕಳು. ಆದರೆ ಅರವತ್ತರ ಆವರ್ತವನ್ನು ಅವಳು ಬಿಡಲಿಲ್ಲ. ಗಣಿತದ ಪರೀಕ್ಷೆಗಳೆಲ್ಲ ಅದನ್ನು ದೃಢಪಡಿಸಿದವು. ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಮಾರ್ತಾಂಡ ಅವರು ಮೂರು ಬಾರಿ ನೋಡಿ, ಇದು ದೊಡ್ಡ ವಿಜ್ಞಾನ ಪತ್ರಿಕೆಗೆ ಹೋಗಬೇಕಾದ ವಿಷಯವೆಂದರು. ಪ್ರಬಂಧದ ಕರ್ತೃಗಳಲ್ಲಿ ಸಿದ್ದಲಿಂಗಪ್ಪನವರ ಹೆಸರನ್ನು ಭವ್ಯಶ್ರೀ ಮೂರನೆಯದಾಗಿ ಸೇರಿಸಿದಳು.

"ನಂದ್ಯಾಕರೀ? ನಾ ತೂಗಂವ."

"ಅರವತ್ತು ಅಂದ್ರೆ ಎಂತ ಅಂತ ಮೊದಲು ಹೇಳಿದ್ದು ಯಾರು? ಸುಮ್ಮನಿರಿ ಕಾಕಾ."

ಇಪ್ಪತ್ತೇಳು ವರ್ಷಗಳಲ್ಲಿ ಅವರ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ. ಹೆಸರಿನ ಆಸೆಯನ್ನು ಅವರು ಗೆದ್ದಿದ್ದೇನೆಂದು ತಿಳಿದಿದ್ದರು. ಕಾಗದದ ಮೇಲೆ ಅದನ್ನು ಕಂಡಾಗ ಗೆದ್ದಿಲ್ಲವೆಂದು ತಿಳಿಯಿತು. ಮುದ್ರಿಸಿದ ಆ ಹಾಳೆಯನ್ನು ಮಡಿಸಿ ಮನೆಗೆ ಒಯ್ದು ಇಷ್ಟಲಿಂಗದ ಪೂಜೆಯ ತಟ್ಟೆಯ ಕೆಳಗೆ ಇಟ್ಟರು.

ಹೆಸರಿಗಿಂತ ಹೆಚ್ಚಿನದು ಇನ್ನೊಂದಿತ್ತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಸಂಜೆಯ ಪೂಜೆ ಮುಗಿದ ಮೇಲೆ ಮನೆಯಲ್ಲಿ ಮಾತನಾಡಲು ಯಾರೂ ಇಲ್ಲದ ಹೊತ್ತಿನಲ್ಲಿ, ಆ ಐದು ಬರಗಾಲಗಳ ಜನ ಅವರಿಗೆ ಜೊತೆಯಾದರು. ಹನ್ನೆರಡು ವರ್ಷ ಮೋಡವನ್ನು ಕಾದವರು. ಬಾವಿಯ ತಳವನ್ನು ಬಗೆದವರು. ಕೂಸನ್ನು ಕಟ್ಟಿಕೊಂಡು ಊರಿಗೆ ಬೆನ್ನು ಮಾಡಿ ನಡೆದವರು. ಯಾವ ದಫ್ತರದಲ್ಲಿಯೂ ಇಲ್ಲದ ಅವರನ್ನು ಬಲ್ಲವರು ಲೋಕದಲ್ಲಿ ತಾವೊಬ್ಬರೇ ಎಂದು ಅವರಿಗೆ ಅನಿಸುತ್ತಿತ್ತು. ಒಂದೊಂದು ಬರದ ಹೆಸರಿನಲ್ಲಿ ಒಂದೊಂದು ಬಿಲ್ವದಳವನ್ನು ಏರಿಸುತ್ತಿದ್ದರು. ಮೂರನೆಯ ಬರದಲ್ಲಿ ಒಬ್ಬ ಮುದುಕಿ ತನ್ನ ಪಾಲಿನ ನೀರನ್ನು ಎಮ್ಮೆಗೆ ಕುಡಿಸಿದಳೆಂದು ಕಲ್ಪಿಸಿ, ಅವಳಿಗಾಗಿ ನಿಜವಾಗಿಯೇ ಅತ್ತಿದ್ದರು.

ಜನವರಿಯಲ್ಲಿ ಪ್ರಬಂಧ ಹೊರಡುವುದಕ್ಕೆ ನಾಲ್ಕು ದಿನ ಮೊದಲು ಭವ್ಯಶ್ರೀ ಒಂದು ಚಿಕ್ಕ ಕೆಲಸ ಹೇಳಿದಳು. ಯಾವ ಮಾದರಿಯನ್ನು ಎಂದು ತೂಗಿದ್ದೆಂಬ ಪಟ್ಟಿಯನ್ನು ಪತ್ರಿಕೆಯವರು ಕೇಳುತ್ತಾರೆ. ವಹಿಯಿಂದ ದಿನಾಂಕಗಳನ್ನು ಎತ್ತಿ ಬರೆದುಕೊಡಬೇಕು. ಸಿದ್ದಲಿಂಗಪ್ಪನವರು ವಹಿಯನ್ನು ಬಿಡಿಸಿಕೊಂಡು ಕುಳಿತರು. ಎಡಗಡೆಯಲ್ಲಿ ಭವ್ಯಶ್ರೀಯ ನಕ್ಷೆ, ಬಲಗಡೆಯಲ್ಲಿ ವಹಿ. ಮೊದಲ ಮೂವತ್ತಾರು ಮಾದರಿಗಳು: ಶ್ರಾವಣ ಶುದ್ಧ ಪಾಡ್ಯ, ಸೋಮವಾರ. ಮೊದಲ ಬರ. ಮುಂದಿನ ನಾಲ್ಕು ದಿನಗಳ ಮಾದರಿಗಳಲ್ಲಿ ಮಳೆ ಸರಿಯಾಗಿತ್ತು. ನೂರ ಎಂಬತ್ತೊಂದರಿಂದ ಇನ್ನೂರ ಹದಿನಾರರವರೆಗೆ: ಶ್ರಾವಣ, ಸೋಮವಾರ. ಎರಡನೆಯ ಬರ.

ಅವರು ಪೆನ್ನನ್ನು ಕೆಳಗಿಟ್ಟರು. ಮೂರನೆಯ ವಾರದ ಪುಟವನ್ನು ತಿರುವುವ ಮೊದಲೇ ಅಲ್ಲಿ ಏನಿದೆಯೆಂದು ಅವರಿಗೆ ಗೊತ್ತಾಗಿತ್ತು. ಆದರೂ ಒಂದೊಂದನ್ನೂ ತಿರುವಿ ನೋಡಿದರು. ಆ ಶ್ರಾವಣಕ್ಕೆ ಐದು ಸೋಮವಾರಗಳಿದ್ದವು. ಐದು ಬರಗಳು ಅವುಗಳ ಮೇಲೆ ಒಂದೂ ತಪ್ಪದೆ ಕುಳಿತಿದ್ದವು. ದಿನಕ್ಕೆ ಮೂವತ್ತಾರು ಮಾದರಿ, ಮಾದರಿಗೆ ನಾಲ್ಕು ತಿಂಗಳು: ಹನ್ನೆರಡು ವರ್ಷ. ವಾರಕ್ಕೆ ಐದು ದಿನ: ಅರವತ್ತು. ಗುರುವಿನ ಸುತ್ತು ಎಂದು ತಾವು ಕೈಮುಗಿದದ್ದು ತಮ್ಮ ಒಂದು ದಿನದ ದುಡಿಮೆಗೆ.

ಕಾರಣವನ್ನು ಹುಡುಕಲು ಅವರು ದೂರ ಹೋಗಬೇಕಾಗಲಿಲ್ಲ. ಶ್ರಾವಣ ಸೋಮವಾರದ ವ್ರತ ಯಮನವ್ವನದು. ಹಣೆ, ಕೊರಳು, ತೋಳು, ಮುಂಗೈಗಳಿಗೆ ವಿಭೂತಿ ಧರಿಸಿ ಸಂಜೆಯ ಪೂಜೆಯವರೆಗೆ ಅದನ್ನು ತೊಳೆಯದೆ ಇರುವುದು ಅದರ ನಿಯಮ. ಅವಳು ಮೂವತ್ತು ವರ್ಷ ನಡೆಸಿದ ವ್ರತ ಅರ್ಧಕ್ಕೆ ನಿಲ್ಲಬಾರದೆಂದು ಅವರೇ ಆ ವರ್ಷ ಎತ್ತಿಕೊಂಡಿದ್ದರು. ಸೋಮವಾರಗಳಂದು ತಕ್ಕಡಿಯ ಮುಂದೆ ಕುಳಿತುಕೊಳ್ಳುವ ಮೊದಲು ಬೆರಳುಗಳನ್ನು ಮಾತ್ರ ತೊಳೆದು ಒರೆಸಿಕೊಂಡರು. ತೋಳಂಗಿಯನ್ನು ಎಂದಿನಂತೆ ಮೊಣಕೈವರೆಗೆ ಮಡಿಸಿದರು. ಒಣಗಿದ ವಿಭೂತಿ ಮುಂಗೈಯಿಂದ ಕಾಣದಷ್ಟು ಸಣ್ಣಗೆ ಉದುರಿ ದೋಣಿಗೆ ಬಿದ್ದಿರಬೇಕು. ತಕ್ಕಡಿ ಅದನ್ನೂ ಕಲ್ಲೆಂದೇ ತೂಗಿತು. ನೂರರಲ್ಲಿ ಇಪ್ಪತ್ತು ವಿಭೂತಿಯಾದರೂ ಅಂಕಿ ನೂರೇ.

ಆದರೆ ವಿಭೂತಿ ಆಕಳ ಸಗಣಿಯ ಬೂದಿ. ಅದರಲ್ಲಿರುವ ಇಂಗಾಲ ಹುಲ್ಲಿನದು, ಬಹಳ ಹಗುರವಾದದ್ದು. ಭವ್ಯಶ್ರೀಯ ಬರಗಳಲ್ಲಿ ಆಮ್ಲಜನಕದ ಜೊತೆಗೆ ಇಂಗಾಲವೂ ಭಾರದ ಕಡೆಗೇ ಸರಿದಿತ್ತು. ಈ ಒಂದು ಎಳೆಯನ್ನು ಹಿಡಿದುಕೊಂಡು ಅವರು ಎರಡು ದಿನ ಉಳಿದರು. ಕಾರಣ ತಾವಲ್ಲದಿರಬಹುದು. ಸೋಮವಾರಗಳು ಆಕಸ್ಮಿಕವಿರಬಹುದು.

ಶನಿವಾರ ಬೆಳಗ್ಗೆ ಕೇಂದ್ರದಲ್ಲಿ ಯಾರೂ ಇರಲಿಲ್ಲ. ಸಿದ್ದಲಿಂಗಪ್ಪನವರು ಮನೆಯಿಂದ ಎರಡು ಪೊಟ್ಟಣಗಳನ್ನು ತಂದಿದ್ದರು. ಒಂದರಲ್ಲಿ ಆಷಾಢದ ಕೊನೆಗೆ ವ್ರತಕ್ಕೆಂದು ಅಂಗಡಿಯಿಂದ ಕೊಂಡ ವಿಭೂತಿ ಗಟ್ಟಿಯ ಚೂರು. ಇನ್ನೊಂದರಲ್ಲಿ ಯಮನವ್ವ ತಾನೇ ಸುಟ್ಟು, ಸೋಸಿ, ಒಣಗಿಸಿ ಇಟ್ಟಿದ್ದ ವಿಭೂತಿಯ ಕೊನೆಯ ಉಂಡೆಯಿಂದ ಕೆರೆದ ಪುಡಿ. ಕೈಗವಸು ತೊಟ್ಟು, ಎರಡನ್ನೂ ತೂಗಿ, ಶೀಷೆಗಳನ್ನು ಯಂತ್ರದಲ್ಲಿಟ್ಟರು. ನಿರ್ವಾತ ಪಂಪಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಮುಕ್ಕಾಲು ಗಂಟೆಯ ನಂತರ ಪರದೆಯ ಮೇಲೆ ಅಂಕಿಗಳು ಮೂಡಿದವು.

ಯಮನವ್ವನ ವಿಭೂತಿಯ ಇಂಗಾಲ ಮೈನಸ್ ಹದಿನಾರು. ಅಂಕಿ ಸೊನ್ನೆಯಿಂದ ಕೆಳಗಿಳಿದಷ್ಟೂ ಹಗುರ. ಜೋಳದ ಕಣಿಕೆ ತಿಂದ ಆಕಳು. ಅವಳು ಗೌಳಿಗರ ಮನೆಗೆ ಹೋಗಿ, ನಿನ್ನ ಆಕಳಿಗೆ ಏನು ಹಾಕುತ್ತಿ ಎಂದು ವಿಚಾರಿಸಿ ಸಗಣಿ ತರುತ್ತಿದ್ದಳು. ಆ ವಿಚಾರಣೆಯೂ ಆ ಅಂಕಿಯಲ್ಲಿತ್ತು.

ಅಂಗಡಿಯ ವಿಭೂತಿಯ ಇಂಗಾಲ ಪ್ಲಸ್ ಎರಡು. ಆಮ್ಲಜನಕ ಮೈನಸ್ ಒಂದು. ಅದು ಬೂದಿಯೇ ಅಲ್ಲ. ಯಾವುದೋ ಗಣಿಯಿಂದ ಅಗೆದು ಬೀಸಿದ ಸುಣ್ಣಗಲ್ಲು. ಒಂದಾನೊಂದು ಕಾಲದ ಸಮುದ್ರದ ತಳ. ಭಾರದ ಕಡೆಗೆ ಎಳೆಯುವ ಬಲ ಅದಕ್ಕಿತ್ತು. ಐದು ಸೋಮವಾರ ತಾವು ಶಿವನೆಂದು ಮೈಗೆ ಬಳಿದುಕೊಂಡದ್ದು ಕಲ್ಲಿನ ಹಿಟ್ಟನ್ನು. ಧರಿಸಿದವನ ಭಾವ ಶುದ್ಧವಾಗಿದ್ದರೆ ಶಿವನು ಹಿಟ್ಟನ್ನೂ ಬೂದಿಯೆಂದೇ ಸ್ವೀಕರಿಸುತ್ತಾನೆ. ಈ ವಿಷಯದಲ್ಲಿ ಅವರಿಗೆ ಸಂಶಯವಿರಲಿಲ್ಲ. ಯಂತ್ರಕ್ಕೆ ಭಾವ ತಿಳಿಯುವುದಿಲ್ಲ. ತಿಳಿಯಬೇಕಾದದ್ದೂ ಇಲ್ಲ.

ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ಧರ್ಮಣ್ಣ ಸಿಕ್ಕಿದ. ದೇಹೂ ರೋಡಿನಲ್ಲಿ ಅವರ ಗಲ್ಲಿಯವನೇ, ಗೌಂಡಿ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಹೊರಟಿದ್ದ.

"ಏನ್ರೀ ಸಿದ್ದಲಿಂಗಪ್ಪನೋರ, ಇವತ್ತ ನಿಮ್ಮ ಕಲ್ಲು ಏನಂತು?"

"ಸುಳ್ಳ ಹೇಳೇನಿ ಅಂತು."

"ಅಯ್ಯ! ಕಲ್ಲ್ಯಾಕ ಸುಳ್ಳ ಹೇಳ್ತದ್ರಿ? ನಾ ಮೂವತ್ತ ವರ್ಷ ಗ್ವಾಡಿ ಕಟ್ಟೇನಿ. ಗ್ವಾಡಿ ಸೊಟ್ಟಾದಾಗ ಒಮ್ಮಿಯೂ ಇಟ್ಟಂಗಿಗೆ ಬೈದಿಲ್ಲ."

"ಸೊಟ್ಟಾದದ್ದು ನಿನಗ ಒಬ್ಬಂವಗಷ್ಟ ಗೊತ್ತಾದ್ರ ಏನ ಮಾಡ್ತೀ ಧರ್ಮಣ್ಣ?"

"ಏನ ಮಾಡ್ತಾರ್ರಿ? ಪ್ಲಾಸ್ಟರ ಬಳಿಯೂದು." ಧರ್ಮಣ್ಣ ಜೋರಾಗಿ ನಕ್ಕ. "ದಪ್ಪಗ ಬಳದ್ರ ಮಾಲಕ ಬಂದು ಕೈಯಾಡಿಸಿ, ಭಾಳ ಚೊಲೊ ಆಗೇದ ಅಂತಾನ."

"ಆಮ್ಯಾಲ ಆ ಮನಿಗೆ ಹೋಗೀಯೇನು?"

"ನನ್ನ್ಯಾರು ಕರೀತಾರ್ರಿ!" ಎಂದು ಅವನು ಮತ್ತೆ ನಕ್ಕು, ತಂಬಾಕನ್ನು ಅಂಗೈಯಲ್ಲಿ ತಿಕ್ಕತೊಡಗಿದ.

ಸಿದ್ದಲಿಂಗಪ್ಪನವರು ಕಿಟಕಿಯ ಹೊರಗೆ ನೋಡಿದರು. ಧರ್ಮಣ್ಣನ ಮಾತು ಅವರಿಗೆ ಹೊಸದಾಗಿರಲಿಲ್ಲ. ಎರಡು ದಿನಗಳಿಂದ ಅವರ ಮನಸ್ಸು ಅದನ್ನೇ ಹೇಳುತ್ತಿತ್ತು. ಪಟ್ಟಿಯಲ್ಲಿ ದಿನಾಂಕ ಬರೆದರೆ ಸಾಕು, ವಾರವನ್ನು ಯಾರು ಕೇಳುತ್ತಾರೆ? ಕೇಳಿದರೂ ಶ್ರಾವಣ ಯಾರಿಗೆ ಗೊತ್ತು? ಗೊತ್ತಾದರೂ ವಿಭೂತಿಯ ಮಾತು ಯಾರಿಗೆ ಹೊಳೆದೀತು? ಪ್ರಬಂಧ ಅಚ್ಚಾಗುತ್ತದೆ. ಮೂರನೆಯ ಹೆಸರು ಉಳಿಯುತ್ತದೆ. ಹಿರಿಯರ ಲೆಕ್ಕ ಲೋಕದ ಎದುರು ಗೆಲ್ಲುತ್ತದೆ. ಆದರೆ ಹಾಗೆ ಗೆದ್ದ ಲೆಕ್ಕಕ್ಕೆ ತಾವು ನಾಳೆ ಹೇಗೆ ಕೈಮುಗಿಯುವುದು? ಕೈಮುಗಿದಾಗಲೆಲ್ಲ ಅದು ತಮಗೇ ಬಂದು ಸಲ್ಲುತ್ತದೆ. ಇದಕ್ಕಿಂತ ದೊಡ್ಡ ಅಪಚಾರವನ್ನು ಅವರು ಓದಿರಲಿಲ್ಲ.

ಸೋಮವಾರ ಬೆಳಗ್ಗೆ ಭವ್ಯಶ್ರೀ ಬರುವ ಮೊದಲೇ ಅವರು ಅವಳ ಮೇಜಿನ ಬಳಿ ಕುಳಿತಿದ್ದರು. ಅವಳು ತಂದೆಯ ಹೋಟೆಲಿನಿಂದ ನೀರುದೋಸೆಯ ಪೊಟ್ಟಣ ತಂದಿದ್ದಳು.

"ಕಾಕಾ, ಅಪ್ಪ ನಿಮಗೆ ಅಂತಲೇ ಕಟ್ಟಿಕೊಟ್ಟದ್ದು. ದೊಡ್ಡ ಲೇಖಕರಂತೆ ಅವರು, ಬಿಸಿ ಇರುವಾಗಲೇ ಕೊಡು ಅಂತ."

"ಆಮ್ಯಾಲ ತಿಂತೀನ್ರಿ. ಮೊದಲ ಆ ಕಾಗದದಾಗಿನ ನನ್ನ ಹೆಸರು ತಗೀರಿ."

"ಪುನಃ ಶುರುವಾಯಿತಾ ನಿಮ್ಮ ನಾಚಿಕೆ?"

"ಬರಾ ಬಿದ್ದಿಲ್ರಿ ಬಾಯಾರ. ಐದರಾಗ ಒಂದೂ ಬಿದ್ದಿಲ್ಲ."

ಅವಳು ನಗಲು ಬಾಯಿ ತೆರೆದವಳು ಅವರ ಮುಖವನ್ನು ಕಂಡು ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಅವರು ವಹಿಯ ಐದು ಪುಟಗಳನ್ನೂ ಶನಿವಾರದ ಅಂಕಿಗಳನ್ನೂ ಅವಳ ಮುಂದಿಟ್ಟರು.

"ಇದು ಯಾವ ಮಾದರಿ? ಪ್ಲಸ್ ಎರಡು?"

"ನನ್ನ ಮುಂಗೈ ಮ್ಯಾಲಿಂದು. ಸೋಮವಾರದ ವಿಭೂತಿ."

ಅವಳು ಗಣಕಯಂತ್ರದ ಎದುರು ಕುಳಿತು ಇಂಗಾಲವನ್ನು ಒಂದು ಅಕ್ಷದಲ್ಲಿ, ಆಮ್ಲಜನಕವನ್ನು ಇನ್ನೊಂದರಲ್ಲಿ ಇಟ್ಟು ಎಲ್ಲ ಮಾದರಿಗಳನ್ನೂ ಚುಕ್ಕೆಗಳಾಗಿ ಮೂಡಿಸಿದಳು. ಏಳುನೂರ ಇಪ್ಪತ್ತು ಚುಕ್ಕೆಗಳು ಒಂದು ಮೂಲೆಯಲ್ಲಿ ಮೋಡದಂತೆ ಗುಂಪಾದವು. ಉಳಿದ ನೂರ ಎಂಬತ್ತು ಆ ಗುಂಪಿನಿಂದ ಹೊರಟು ಒಂದೇ ಗೆರೆಯಲ್ಲಿ ಸಾಗಿದ್ದವು. ಅವಳು ವಿಭೂತಿಯ ಅಂಕಿಯನ್ನು ಸೇರಿಸಿದಳು. ಅದು ಆ ಗೆರೆಯ ತುದಿಯಲ್ಲಿ ಹೋಗಿ ಕುಳಿತಿತು.

ಅವಳು ಪರದೆಯತ್ತಲೇ ನೋಡುತ್ತ, "ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದಳು.

"ಹೌದ್ರಿ."

"ನನಗೂ ಗೊತ್ತಾಗ್ತಿರಲಿಲ್ಲ ಕಾಕಾ."

ಅದು ಕೃತಜ್ಞತೆಯೋ ಆಕ್ಷೇಪವೋ ಎಂದು ಸಿದ್ದಲಿಂಗಪ್ಪನವರಿಗೆ ತಿಳಿಯಲಿಲ್ಲ. ಅವಳು ಬೈಯಲೆಂದು ಅವರು ಕಾದರು. ಬೈದಿದ್ದರೆ ತಮ್ಮ ತಪ್ಪಿಗೆ ಒಬ್ಬ ಪಾಲುಗಾರರಾದರೂ ಸಿಕ್ಕಂತಾಗುತ್ತಿತ್ತು. ಅವಳು ಬೈಯಲಿಲ್ಲ. ಪ್ರಬಂಧವನ್ನು ತೆರೆದು, ಮೂರನೆಯ ಹೆಸರಿನ ಮೇಲೆ ಬೆರಳಿಟ್ಟು, ಅಳಿಸಿದಳು. ಬೇಡ ಎಂದು ಒಂದು ಮಾತನ್ನಾದರೂ ಅವಳು ಹೇಳಬಹುದೆಂದು ತಮ್ಮೊಳಗೆ ಒಬ್ಬರು ಕಾದು ಕುಳಿತಿದ್ದರೆಂಬುದು ಅವರಿಗೆ ಆಗ ತಿಳಿಯಿತು. ನೀರುದೋಸೆಯ ಪೊಟ್ಟಣ ಮೇಜಿನ ಮೇಲೆ ಆರುತ್ತಿತ್ತು.

ಡಾಕ್ಟರ್ ಮಾರ್ತಾಂಡ ಅವರೂ ಬೈಯಲಿಲ್ಲ. ಮರಾಠಿಯಲ್ಲಿ ಬಹಳ ಮೆಲ್ಲಗೆ ಮಾತನಾಡಿದರು. ಕೊಳವೆಗಳಲ್ಲಿ ಪುಡಿ ಇನ್ನೂ ಉಳಿದಿದೆಯಷ್ಟೆ. ಆ ನೂರ ಎಂಬತ್ತನ್ನು ಮತ್ತೆ ತೂಗಬೇಕು. ಕೈಗವಸು ತೊಟ್ಟು ನೀವೇ ತೂಗಬಹುದು ಎಂದೂ ಹೇಳಿದರು. ಹೇಳುವಾಗ ಸಿದ್ದಲಿಂಗಪ್ಪನವರ ಮುಖ ನೋಡಲಿಲ್ಲ.

"ಬ್ಯಾಡ್ರಿ ಸಾಹೇಬ್ರ. ಬ್ಯಾರೆ ಕೈ ಬೇಕ್ರಿ," ಎಂದು ಸಿದ್ದಲಿಂಗಪ್ಪನವರೇ ಹೇಳಿದರು. ಅವರ ಮರಾಠಿ ಆ ಕ್ಷಣದಲ್ಲಿ ಎಲ್ಲಿಗೋ ಹೋಗಿತ್ತು. ಮಾತು ಕನ್ನಡದಲ್ಲಿ ಬಂತು. ಭವ್ಯಶ್ರೀ ಅದನ್ನು ಅನುವಾದಿಸಿದಳು. ಮುಖ್ಯಸ್ಥರು ತಲೆಯಾಡಿಸಿದರು. ಮರುದಿನ ತೂಕದ ಕೋಣೆಯ ಬಾಗಿಲಿಗೆ ಒಂದು ಹಾಳೆಯನ್ನು ಅಂಟಿಸಲಾಯಿತು. ಒಳಗೆ ಬರಬಹುದಾದವರ ಹೆಸರುಗಳು ಅದರಲ್ಲಿದ್ದವು, ಮೂರು. ಸಿದ್ದಲಿಂಗಪ್ಪನವರು ಅದನ್ನು ಒಮ್ಮೆ ಓದಿದರು.

ಭವ್ಯಶ್ರೀ ದಿನಕ್ಕೆ ಮೂವತ್ತಾರರಂತೆ ಐದು ದಿನ ತೂಗಿದಳು. ಅವರು ಯಂತ್ರದ ಕೋಣೆಯಲ್ಲಿ ಪರದೆಯ ಎದುರು ಕುಳಿತು ಅಂಕಿಗಳನ್ನು ನೋಡಿಕೊಂಡರು. ಮೊದಲ ದಿನ ಗೋಡೆಯಾಚೆಯಿಂದ ಅವಳ ಗೊಣಗಾಟ ಕೇಳಿಸಿತು.

"ಎಂತದು ಇದು! ಹಾರಿ ಹಾರಿ ಹೋಗ್ತದೆ!"

ಅವರು ಬಾಗಿಲಿನವರೆಗೆ ಹೋಗಿ ಹೊಸ್ತಿಲಿನ ಈಚೆಯೇ ನಿಂತರು. "ಕೈಗವಸಿಗೆ ಒದ್ದಿ ಬಟ್ಟಿ ಒಮ್ಮಿ ಒತ್ತರಿ. ಆಮ್ಯಾಲ ಒಂದೀಟು ತಡೀರಿ. ಉಸರ ಬಿಡಬ್ಯಾಡ್ರಿ."

"ಹಾಂ... ನಿಂತಿತು. ನಿಂತಿತು ಕಾಕಾ!"

"ಉಸರ ಬಿಡಬ್ಯಾಡಂದ್ನಲ್ರೀ."

ಅವಳು ನಕ್ಕಳು. ಮತ್ತೆ ಹಾರಿತು. ಆ ವಾರ ಅವರಿಬ್ಬರ ನಡುವೆ ಬಂದ ನಗು ಅದೊಂದೇ.

ಆಮ್ಲಜನಕದ ಅಂಕಿಗಳು ಬಂದವು, ಉಳಿದ ಮಳೆಗಾಲಗಳಂಥವೇ. ಮೈನಸ್ ಐದು, ಮೈನಸ್ ಐದೂಕಾಲು, ಮೈನಸ್ ನಾಲ್ಕೂಮುಕ್ಕಾಲು, ಮತ್ತೆ ಮೈನಸ್ ಐದು. ಮೊದಲ ಬರ ಬುಧವಾರದ ಹೊತ್ತಿಗೆ ಇಲ್ಲವಾಯಿತು. ಎರಡನೆಯದು ಗುರುವಾರ. ನಕ್ಷೆಯ ಮೇಲಿನ ಗುಡ್ಡಗಳು ಒಂದೊಂದಾಗಿ ನೆಲಸಮವಾಗಿ, ಮುನ್ನೂರು ವರ್ಷದ ಮಳೆ ಸಣ್ಣ ಏರಿಳಿತಗಳ ಒಂದೇ ಗೆರೆಯಾಗಿ ಹರಿಯತೊಡಗಿತು. ಅದರಲ್ಲಿ ಹನ್ನೆರಡೂ ಇರಲಿಲ್ಲ, ಅರವತ್ತೂ ಇರಲಿಲ್ಲ. ಮುದುಕಿ ಎಮ್ಮೆಗೆ ನೀರು ಕುಡಿಸಿದ ಮೂರನೆಯ ಬರ ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮುಗಿಯಿತು. ಸಿದ್ದಲಿಂಗಪ್ಪನವರು ಬುತ್ತಿಯನ್ನು ಬಿಚ್ಚದೆ ಆ ಮೂವತ್ತಾರು ಅಂಕಿಗಳನ್ನು ಎರಡು ಬಾರಿ ಓದಿದರು.

ಮುಂದಿನ ಮಂಗಳವಾರ ನಾಲ್ಕು ಗಂಟೆಗೆ ಕೊನೆಯ ಶೀಷೆಯ ಸರದಿ ಬಂತು. ಭವ್ಯಶ್ರೀ ಚೀಲವನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಅವಳು ಇನ್ನೊಂದು ಗುಹೆಯನ್ನು ನೋಡಲು ಮರುದಿನ ಹೊರಡುವವಳಿದ್ದಳು. ಈ ಕಲ್ಲಿನಲ್ಲಿ ದೊಡ್ಡ ಪತ್ರಿಕೆಗೆ ಬರೆಯುವಂಥದ್ದು ಏನೂ ಉಳಿದಿರಲಿಲ್ಲ.

"ಬಂತಾ ಕಾಕಾ?"

"ಬಂತ್ರಿ. ಮೈನಸ್ ಐದು ಪಾಯಿಂಟ್ ಎರಡು."

"ಮಳೆ."

"ಹೌದ್ರಿ. ಚೊಲೊ ಮಳಿ ಆಗೇದ."

ಅವಳು ಚೀಲದ ಪಟ್ಟಿಯನ್ನು ಸರಿಮಾಡಿಕೊಂಡಳು. ಆಮೇಲೆ, "ಬರ್ತೇನೆ ಕಾಕಾ," ಎಂದು ಹೊರಟಳು. ಕಾರಿಡಾರಿನಲ್ಲಿ ಅವಳ ಹೆಜ್ಜೆಯ ಸದ್ದು ಕಲ್ಲಿನ ಗೋಡೆಗಳಿಗೆ ತಾಕುತ್ತ ದೂರವಾಯಿತು.

ಸಿದ್ದಲಿಂಗಪ್ಪನವರು ಯಂತ್ರದ ಕವಾಟಗಳನ್ನು ಒಂದೊಂದಾಗಿ ಮುಚ್ಚಿದರು. ಪಂಪನ್ನು ಮಾತ್ರ ಹಾಗೆಯೇ ಬಿಟ್ಟರು. ಅದನ್ನು ಎಂದೂ ನಿಲ್ಲಿಸುವುದಿಲ್ಲ. ಯಾರೂ ಬಾವಿಯ ತಳವನ್ನು ಬಗೆದಿರಲಿಲ್ಲ. ಯಾರೂ ಕೂಸನ್ನು ಕಟ್ಟಿಕೊಂಡು ಊರಿಗೆ ಬೆನ್ನು ಮಾಡಿ ನಡೆದಿರಲಿಲ್ಲ. ಮುದುಕಿಯೂ ಎಮ್ಮೆಯೂ ಹೊಟ್ಟೆ ತುಂಬ ನೀರು ಕುಡಿದಿದ್ದವು. ಇದಕ್ಕಾಗಿ ಸಂತೋಷಪಡಬೇಕೆಂದು ಅವರು ತಮಗೆ ತಾವೇ ಹೇಳಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಶಿವನ ದಯೆಯಿಂದ, ಸಂತೋಷ ನಿಜವಾಗಿಯೂ ಬಂತು. ಆ ಸಂತೋಷವನ್ನು ಇಟ್ಟುಕೊಂಡು ಅವರು ಪರದೆಯ ಮೇಲಿನ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆ ಮುನ್ನೂರು ವರ್ಷಗಳಲ್ಲಿ ಅವರಿಗೆ ಪರಿಚಿತರಾದವರು ಈಗ ಒಬ್ಬರೂ ಇರಲಿಲ್ಲ.